ಹರಕೆ ಹೊತ್ತ ನಾಯಿ

ಕುಸುಮಳಿಗೆ ಹೇಸಿಗೆ ಜಾಸ್ತಿ. ಅವಳ ತೌರಾದ ಇಲವಾಲದಲ್ಲಿ ಇದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಹಾಲು ಕರೆಯುವಾಗ ಎಮ್ಮೆ ಬಾಲ ಬೀಸಿ ಮುಖಕ್ಕೆ ಸಗಣಿ ಸಿಡಿದರೆ ಮನೆಯ ಉಳಿದ ಹೆಂಗಸರು ಸೆರಗಿನಲ್ಲಿ ಒರೆಸಿಕೊಂಡು ಕರೆಯುತ್ತಲೇ ಇರುತ್ತಿದ್ದರು. ಇವಳು ಮಾತ್ರ ಅವತ್ತಿಡೀ ಅನ್ನ ಮುಟ್ಟುತ್ತಿರಲಿಲ್ಲ. "ಒಕ್ಕಲ ಮನೇಲಿ ಹುಟ್ಟಿ ಈ ಪಾಟಿ ನಾಜೂಕು ಎಲ್ಲಿಂದ ಕಲ್ತ್ಕೊಂಡವ್ವಾ" ಎಂದು ಅಜ್ಜಿ ಪುಟ್ಟಲಿಂಗಮ್ಮ ನಗುತ್ತಿದ್ದಳು. ಈಗ ಕುಸುಮಳಿಗೆ ಐವತ್ತು ದಾಟಿದೆ, ವಿದ್ಯಾರಣ್ಯಪುರಂನಲ್ಲಿ ಸ್ವಂತ ಮನೆಯಿದೆ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳಿದ್ದಾಳೆ, ಹೈಸ್ಕೂಲಿನಲ್ಲಿ ಹಿಂದಿ ಮೇಡಂ ಎಂಬ ಹೆಸರಿದೆ. ಹೇಸಿಗೆ ಮಾತ್ರ ಇದ್ದ ಹಾಗೇ ಇದೆ. ಗಂಡ ಮೋಹನ್ ಉಂಡ ತಟ್ಟೆಯಲ್ಲೇ ಕೈ ತೊಳೆದರೆ ಪಕ್ಕದಿಂದ ಎದ್ದು ಹೋಗುತ್ತಾಳೆ.

ಇಂಥವಳನ್ನು ಡಾಕ್ಟರು ಬೆಟ್ಟ ಹತ್ತಲು ಕಳಿಸಿದರು. ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗುತ್ತಿಲ್ಲ, ನಡೆಯಬೇಕು, ಬರೀ ನಡೆದರೆ ಸಾಲದು, ಏರು ಹತ್ತಬೇಕು ಎಂದರು. ಮನೆಯಿಂದ ಸ್ಕೂಟರ್ ಹತ್ತಿದರೆ ಕ್ಷಣದಲ್ಲಿ ಪಾದ, ಬೆಟ್ಟದ ಮೆಟ್ಟಿಲು ಶುರುವಾಗುವ ಜಾಗ. ಮೈಸೂರಿನಲ್ಲಿದ್ದು ಬೆಟ್ಟ ದೂರ ಅನ್ನುವಂತಿಲ್ಲವಲ್ಲ.

ಚಾಮುಂಡಿ ಬೆಟ್ಟದ ಮೆಟ್ಟಿಲು ಚೆಂದ, ದೂರದಿಂದ ನೋಡಿದರೆ. ಕಾಲಿಟ್ಟವರಿಗೆ ಗೊತ್ತು ಅದರ ಪಾಡು. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿ ಹೋಗುತ್ತಾರೆ. ಅದರ ಮೇಲೆ ಇನ್ನೊಬ್ಬರು ಕರ್ಪೂರ ಉರಿಸಿ ಮಸಿ ಮಾಡುತ್ತಾರೆ. ಮತ್ತೊಬ್ಬರು ಬಾಳೆಹಣ್ಣಿನ ಸಿಪ್ಪೆ ಎಸೆಯುತ್ತಾರೆ, ಅದರ ಪಕ್ಕಕ್ಕೇ ಯಾರೋ ಪುಣ್ಯಾತ್ಮರು ಎಲೆಅಡಿಕೆ ಉಗಿದು ಕೈಮುಗಿದು ಮುಂದಕ್ಕೆ ಹೋಗುತ್ತಾರೆ. ಕುಂಕುಮ ಯಾವುದು, ಉಗುಳು ಯಾವುದು ಎಂದು ತಿಳಿಯದೆ ಕುಸುಮ ಮೊದಲ ವಾರವೆಲ್ಲ ನೆಲ ನೋಡಿಕೊಂಡೇ ಹತ್ತಿದಳು. ತಲೆ ಎತ್ತಿ ಊರು ನೋಡಿದ್ದು ಎರಡನೆಯ ವಾರ.

ಅಲ್ಲಿ ಅವಳಿಗೆ ಒಂದು ಗುಂಪು ಸಿಕ್ಕಿತು. ತಮ್ಮನ್ನು ತಾವೇ 'ಬೆಟ್ಟದ ಬಳಗ' ಎಂದು ಕರೆದುಕೊಳ್ಳುತ್ತಿದ್ದ ಹತ್ತು ಹನ್ನೆರಡು ಜನ. ಹಿರಿಯರು ಲಕ್ಷ್ಮೀನರಸಿಂಹ, ರಾಮಕೃಷ್ಣನಗರದವರು, ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಎಲ್ಲರಿಗೂ ಮೇಷ್ಟ್ರು. ಫೋಟೊ ಹಿಡಿಯುವುದು, ಗುಂಪಿನ ವಾಟ್ಸಾಪ್ ನೋಡಿಕೊಳ್ಳುವುದು ಸೈಟು ವ್ಯಾಪಾರದ ಪ್ರಸಾದ್. ದಿನವೂ ತುದಿಯವರೆಗೆ ಹತ್ತುವುದು, ಭಾನುವಾರ ಮಾತ್ರ ಹಿಂಬದಿಯ ಕಾಲುದಾರಿಯಲ್ಲಿ ಇಳಿದು ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ, ಇಡ್ಲಿ ತಿಂದು ಮನೆಗೆ ಹೋಗುವುದು, ಇದು ಬಳಗದ ಪದ್ಧತಿ.

ಮತ್ತೆ ಒಂದು ನಾಯಿ.

ಪಾದದ ಹತ್ತಿರದ ಹೂವಿನಂಗಡಿಗಳ ಸಂದಿಯಲ್ಲಿ ಬೆಳೆದ ಕಂದು ಬಣ್ಣದ ಹೆಣ್ಣುಮರಿ. ನಾಲ್ಕು ಕಾಲಿಗೂ ಬಿಳಿ ಕಾಲ್ಚೀಲ ಹಾಕಿದ ಹಾಗೆ ಬಣ್ಣ. ಯಾರೂ ಕರೆಯದೆ ತಾನಾಗಿ ಇವರ ಜೊತೆ ಹತ್ತಿ, ಇವರ ಜೊತೆಯೇ ಇಳಿಯುತ್ತಿತ್ತು. ಮೇಷ್ಟ್ರು ಅದಕ್ಕೆ ಸರಮೆ ಎಂದು ಹೆಸರಿಟ್ಟರು. ದೇವಲೋಕದ ಹೆಣ್ಣುನಾಯಿಯ ಹೆಸರಂತೆ, ವೇದದಲ್ಲಿದೆಯಂತೆ. ಪ್ರಸಾದನ ಬಾಯಲ್ಲಿ ಅದು ಸರಮ್ಮ ಆಯಿತು.

ಕುಸುಮ ಅದನ್ನು ಮುಟ್ಟುತ್ತಿರಲಿಲ್ಲ. ನಾಯಿಯ ಜೊಲ್ಲು, ನಾಯಿಯ ಕೂದಲು, ನೆನೆಸಿಕೊಂಡರೇ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಆದರೂ ಅವರಿಬ್ಬರಿಗೆ ಒಂದು ಹೊಂದಿಕೆ ಕುದುರಿತು. ಬಳಗದವರು ಮಾತಾಡಿಕೊಂಡು ದಡದಡ ಮೇಲೆ ಹೋಗಿಬಿಡುತ್ತಿದ್ದರು. ಏದುಸಿರು ಬಿಡುತ್ತ ಹಿಂದೆ ಉಳಿಯುತ್ತಿದ್ದ ಕುಸುಮಳಿಗಾಗಿ ಕಾಯುತ್ತಿದ್ದುದು ಸರಮೆ ಒಂದೇ. ನಾಲ್ಕು ಮೆಟ್ಟಿಲು ಹತ್ತಿ, ತಿರುಗಿ ನಿಂತು, 'ಬರ್ತೀಯೋ ಇಲ್ವೋ' ಅನ್ನುವ ಹಾಗೆ ನೋಡುವುದು. ಇವಳು ಬಂದ ಮೇಲೆ ಮತ್ತೆ ನಾಲ್ಕು ಮೆಟ್ಟಿಲು. ಕೆರೆ ಏರಿಯ ಮೇಲೆ ಜಾಲಿಮುಳ್ಳಿನ ಪೊದೆ ಸರಿಸಿಕೊಂಡು ಹೋಗುವಾಗ ಮುಂದೆ ಹಾವು ಹುಳ ಇದೆಯೋ ಎಂದು ಮೂಸಿ ನೋಡಿ ದಾರಿ ಬಿಡುವುದು. ಹುಟ್ಟಿದಾಗಿನಿಂದ ತನಗಾಗಿ ಹೀಗೆ ಯಾರೂ ಕಾದಿರಲಿಲ್ಲ ಎಂದು ಕುಸುಮಳಿಗೆ ಅನಿಸಿದ್ದುಂಟು. ಮೋಹನನಿಗೆ ಹೇಳಿದರೆ ಅವನು ಮುಖ ಊದಿಸಿಕೊಂಡಾನೆಂದು ಹೇಳಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮೇಷ್ಟ್ರ ಮಂಡಿ ಕೈಕೊಟ್ಟಿತು. ಅವರಿಗೆ ಅನನ್ಯ ಎಂಬ ಮಗಳಿದ್ದಳು, ಮೂವತ್ತೆರಡಾದರೂ ಮದುವೆ ಕೂಡಿಬಂದಿರಲಿಲ್ಲ. ಮಗಳ ಮದುವೆ ಗೊತ್ತಾಗುವ ತನಕ ದಿನವೂ ತಪ್ಪದೆ ತುದಿಯವರೆಗೆ ಹತ್ತುತ್ತೇನೆಂದು ಅವರು ತಾಯಿ ಚಾಮುಂಡಿಗೆ ಹರಕೆ ಹೊತ್ತು, ಬಲಗೈಗೆ ಕೆಂಪು ರಕ್ಷೆ ದಾರ ಕಟ್ಟಿಕೊಂಡಿದ್ದರು. ಈಗ ದಾರಿಯ ನಡುವಿನ ಕಲ್ಲಿನ ನಂದಿಯವರೆಗೆ ಹತ್ತುವಷ್ಟರಲ್ಲಿ ಕಾಲು ನಡುಗತೊಡಗಿತು. ಹರಕೆ ಬಿಟ್ಟರೆ ದೋಷ, ಹತ್ತಿದರೆ ಮಂಡಿ ಹೋಗುತ್ತದೆ. ಓದಿದವರಿಗೆ ದಾರಿಗಳಿಗೇನು ಬರವೇ?

"ಶಾಸ್ತ್ರದಲ್ಲಿ ಪ್ರತಿನಿಧಿಗೆ ಅವಕಾಶ ಇದೆ," ಎಂದರು ಮೇಷ್ಟ್ರು ನಂದಿಯ ಮುಂದೆ ಕೂತು. "ನಾವೆಲ್ಲ ಹತ್ತೋದು ಶುಗರ್‌ಗೆ, ಬಿ.ಪಿ.ಗೆ. ಈ ಸರಮೆ ಹತ್ತೋದು ನಿಷ್ಕಾಮವಾಗಿ. ನನ್ನ ಪರವಾಗಿ ಇದೇ ಹತ್ತಲಿ. ಹರಕೆ ನಂದು, ನಡಿಗೆ ಇದರದ್ದು."

ತಮ್ಮ ಕೈಗೆ ಮೂರು ಸುತ್ತು ಸುತ್ತಿದ್ದ ದಾರವನ್ನು ಮೆಲ್ಲಗೆ ಜಾರಿಸಿ ತೆಗೆದು, ಬಿಡಿಸಿ, ಮರಿಯ ಕುತ್ತಿಗೆಗೆ ಸುತ್ತಿ ಗಂಟು ಹಾಕಿದರು. ಅದು ಬಾಲ ಆಡಿಸುತ್ತ ಕುತ್ತಿಗೆ ಕೊಟ್ಟಿತು. ಬಿಸ್ಕತ್ತು ಕೊಟ್ಟ ಕೈಯಲ್ಲವೇ! ಪ್ರಸಾದ್ ಫೋಟೊ ಹಿಡಿದ. ವಾಟ್ಸಾಪಿನಲ್ಲಿ ಅವತ್ತೆಲ್ಲ ಕೈಮುಗಿಯುವ ಚಿತ್ರಗಳು ಸುರಿದವು. ಅವತ್ತಿನಿಂದ ಮೇಷ್ಟ್ರು ನಂದಿಯ ಹತ್ತಿರವೇ ಕೂರತೊಡಗಿದರು, ಭಾನುವಾರ ಆಟೊದಲ್ಲಿ ಕೆರೆಗೆ ಬಂದು ಬಳಗ ಸೇರುತ್ತಿದ್ದರು.

ಮೇಷ್ಟ್ರು ಒಬ್ಬರೇ ಆಗಿದ್ದರೆ ಅಷ್ಟಕ್ಕೆ ಮುಗಿಯುತ್ತಿತ್ತೋ ಏನೋ. ಒಂದು ಕುರಿ ಹಳ್ಳಕ್ಕೆ ಬಿದ್ದರೆ ಉಳಿದವು ದಡದಲ್ಲಿ ನಿಲ್ಲುತ್ತವೆಯೇ? ತಿಂಗಳೊಳಗೆ ಪ್ರಸಾದನ ಲೇಔಟಿನ ಮಂಜೂರಾತಿಗೆ ಒಂದು ದಾರ, ಇನ್ನೊಬ್ಬರ ಮೊಮ್ಮಗನ ಪರೀಕ್ಷೆಗೆ ಒಂದು, ಮತ್ತೊಬ್ಬರ ಕಿಡ್ನಿ ಕಲ್ಲಿಗೆ ಒಂದು. ಎಲ್ಲರೂ ಮೇಷ್ಟ್ರ ದಾರಕ್ಕೇ ಸೇರಿಸಿ ಗಂಟು ಹಾಕಿದರು. ಹಿಂದೆಲ್ಲ ಇಂಥ ದಾರ ಅರಿಶಿನದಲ್ಲಿ ಅದ್ದಿದ ಹತ್ತಿ ನೂಲಾಗಿರುತ್ತಿತ್ತು. ನಾಲ್ಕು ಸ್ನಾನಕ್ಕೆ ನವೆದು, ತಾನಾಗಿ ಕಳಚಿ ಬೀಳುತ್ತಿತ್ತು. ರಕ್ಷೆಯನ್ನು ಕತ್ತರಿಸಬಾರದು, ತಾನಾಗಿ ಕಳಚಬೇಕು ಎಂಬ ಮಾತು ಹುಟ್ಟಿದ್ದೇ ಆ ನೂಲಿನ ಕಾಲದಲ್ಲಿ. ಈಗ ಅಂಗಡಿಯಲ್ಲಿ ಮಾರುವುದು ನೈಲಾನು. ಅದು ನವೆಯುವುದಿಲ್ಲ. ಮರಿ ಮಾತ್ರ ಬೆಳೆಯುತ್ತದೆ.

ಆಷಾಢದ ಜನಜಂಗುಳಿಯಲ್ಲಿ ಯಾರೂ ನಾಯಿಯನ್ನು ಸರಿಯಾಗಿ ನೋಡಲಿಲ್ಲ. ಶ್ರಾವಣ ಹುಟ್ಟಿದ ಮೇಲೆ ಒಂದು ಭಾನುವಾರ, ಕೆರೆ ಏರಿಯ ಮೇಲೆ, ಕುಸುಮಳ ಮೂಗಿಗೆ ವಾಸನೆ ಬಡಿಯಿತು. ಇಲಿ ಸತ್ತು ಮೂರು ದಿನವಾದ ಕೋಣೆಯ ವಾಸನೆ. ಸುತ್ತ ನೋಡಿದಳು, ಏನೂ ಸತ್ತಿರಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಸರಮೆ ತಿರುಗಿ ನಿಂತು ಇವಳಿಗಾಗಿ ಕಾಯುತ್ತಿತ್ತು, ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು. ವಾಸನೆ ಅದರಿಂದ ಬರುತ್ತಿತ್ತು. ಕುತ್ತಿಗೆಯ ಕೂದಲು ಅಂಟಂಟಾಗಿ ಮುದ್ದೆ ಕಟ್ಟಿತ್ತು, ಅದರ ಮೇಲೆ ಯಾರೋ ಅರಿಶಿನ ಉದುರಿಸಿದ್ದರು. ದಾರ ಕಾಣುತ್ತಿರಲಿಲ್ಲ. ಗಂಟುಗಳು ಮಾತ್ರ ಹೊರಗಿದ್ದವು.

"ಮೇಷ್ಟ್ರೇ, ದಾರ ಒಳಕ್ಕೆ ಇಳ್ದದೆ. ತೆಗೆದ್ಬುಡಬೇಕು," ಎಂದಳು.

"ಗೊತ್ತಮ್ಮ, ನಾನೂ ನೋಡಿದೆ. ಅರಿಶಿನ ಹಾಕಿದೀನಿ." ಮೇಷ್ಟ್ರು ಪಂಚೆಯ ತುದಿಯಿಂದ ಮೂಗು ಮುಚ್ಚಿಕೊಂಡಿದ್ದರು. "ಇನ್ನು ಹದಿನೈದು ದಿನ ತಡೀರಿ. ಒಂದು ಒಳ್ಳೆ ಕಡೆಯಿಂದ ಜಾತಕ ಬಂದಿದೆ. ಈಗ ಕತ್ತರಿಸಿದರೆ ಕೈಯಾರೆ ಹಾಳು ಮಾಡಿದ ಹಾಗಾಗುತ್ತೆ. ನಾಯಿ ಗಾಯ ತಾನೇ ನೆಕ್ಕಿ ವಾಸಿ ಮಾಡ್ಕೊಳ್ಳುತ್ತೆ."

"ಕುತ್ತಿಗೇನ ಎಂಗೆ ನೆಕ್ಕತ್ತೆ ಮೇಷ್ಟ್ರೇ?"

ಪ್ರಸಾದ್ ನಡುವೆ ಬಾಯಿ ಹಾಕಿ, "ಇಡ್ಲಿ ಆರೋಗುತ್ತೆ, ನಡೀರಿ ಮೇಡಂ," ಎಂದ. ಅವತ್ತಿನ ಫೋಟೊದಲ್ಲಿ ಸರಮೆಯ ಮುಖ ಮಾತ್ರ ಇತ್ತು. ಕುತ್ತಿಗೆಯಿಂದ ಕೆಳಗೆ ಕತ್ತರಿಸಿಬಿಟ್ಟಿದ್ದ. ಕಿಡ್ನಿ ಕಲ್ಲಿನವರು ಆ ಫೋಟೊಗೆ ಹೃದಯದ ಗುರುತು ಒತ್ತಿದ್ದರು. ಕುಸುಮಳಿಗೆ ಫೋನು ಎಸೆಯಬೇಕೆನಿಸಿತು.

ದಾರವನ್ನು ಅವತ್ತೇ ಕತ್ತರಿಸಬೇಕಿತ್ತು. ಹಿರಿಯರ ಮಾತು ಮೀರುವುದು ಹೇಗೆ ಎಂದು ಹಿಂಜರಿದಳು, ನಿಜ. ಅದಕ್ಕಿಂತ ಹೆಚ್ಚಾಗಿ ಆ ಅಂಟು ಕೂದಲಿಗೆ ಕೈಯಿಡಲು ಅವಳಿಂದ ಆಗಲಿಲ್ಲ. ಮುಂದಿನ ಎರಡು ದಿನ ಶಾಲೆಯಲ್ಲಿ ಪರೀಕ್ಷೆ, ಬೆಟ್ಟಕ್ಕೆ ಹೋಗಲಾಗಲಿಲ್ಲ. ಬುಧವಾರ ಹೋದರೆ ಪಾದದಲ್ಲಿ ಸರಮೆ ಇರಲಿಲ್ಲ.

"ಎರಡು ದಿನದಿಂದ ಕಾಣ್ತಿಲ್ಲ. ಅದೂ ಒಂದು ಜೀವ, ಎಲ್ಲೋ ಮರಿ ಹಾಕೋಕೆ ಹೋಗಿರುತ್ತೆ," ಎಂದ ಪ್ರಸಾದ್. ಬಳಗ ಮೇಲೆ ಹೋಯಿತು.

ಕುಸುಮ ಹೋಗಲಿಲ್ಲ. ಮೆಟ್ಟಿಲು ಬಿಟ್ಟು ಬಂಡೆಗಳ ಸಂದಿಯಲ್ಲಿ, ಕುರುಚಲು ಗಿಡಗಳ ಬುಡದಲ್ಲಿ ಹುಡುಕುತ್ತ ಹೋದಳು. ಜನ ಮರೆಯಾಗಿ ಕೂತೆದ್ದು ಹೋದ ಜಾಗಗಳನ್ನೆಲ್ಲ ದಾಟಬೇಕಾಯಿತು. ಸೀರೆ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು ದಾಟಿದಳು. ಕೊನೆಗೆ ದಾರಿ ತೋರಿಸಿದ್ದು ನೊಣಗಳ ಸದ್ದು. ನಂದಿಯಿಂದ ಸ್ವಲ್ಪ ಕೆಳಗೆ, ಒಂದು ಬಂಡೆಯ ಅಡಿಯಲ್ಲಿ ಸರಮೆ ಮಲಗಿತ್ತು. ಇವಳನ್ನು ಕಂಡು ಬಾಲ ಒಂದೇ ಸಲ ನೆಲಕ್ಕೆ ಬಡಿಯಿತು.

ಕುತ್ತಿಗೆಯ ಸುತ್ತ ಒಂದು ಬಾಯಿ ತೆರೆದಿತ್ತು. ಅದರೊಳಗೆ ಬಿಳಿ ಹುಳಗಳು ಬೇಯುತ್ತಿರುವ ಅನ್ನದ ಹಾಗೆ ಕದಲುತ್ತಿದ್ದವು.

ಕುಸುಮ ಪಕ್ಕಕ್ಕೆ ತಿರುಗಿ ವಾಂತಿ ಮಾಡಿದಳು. ಬಾಯಿ ಒರೆಸಿಕೊಂಡು ಮತ್ತೆ ನೋಡಿದಳು, ಮತ್ತೆ ವಾಂತಿ ಬಂತು. ಹೊಟ್ಟೆಯಲ್ಲಿ ಏನೂ ಉಳಿಯದ ಮೇಲೆ ಮೋಹನನಿಗೆ ಫೋನು ಮಾಡಿ, "ಕಾರು ತಗೊಂಡು ನಂದಿ ಹತ್ರ ಬನ್ರೀ, ಅಲ್ಲೇ ಕೆಳ್ಗೆ ಬಂಡೆ ಹತ್ರ ಇದ್ದೀನಿ, ಹಳೇ ಬೆಡ್‌ಶೀಟು ತನ್ನಿ, ಏನೂ ಕೇಳ್ಬೇಡಿ," ಎಂದಳು. ಬಳಗಕ್ಕೂ ಫೋನು ಮಾಡಿದಳು. ಅವಳ ಕೈಯಲ್ಲಿ ಕತ್ತರಿಯಿಲ್ಲ, ಚಾಕುವಿಲ್ಲ. ಸ್ಕೂಟರ್ ಕೀಗೊಂಚಲಿನಲ್ಲಿ ಒಂದು ನೇಲ್‌ಕಟರ್ ಇತ್ತು. ಅದನ್ನೇ ಹಿಡಿದುಕೊಂಡು ಕೂತಳು.

ದಾರ ಸಿಗಬೇಕಾದರೆ ಬೆರಳು ಒಳಗೆ ಹೋಗಬೇಕು. ಹೋಯಿತು. ಬೆಚ್ಚಗಿತ್ತು, ಜಾರುತ್ತಿತ್ತು, ಬೆರಳ ಸುತ್ತ ಹುಳ ಹರಿಯುವುದು ತಿಳಿಯುತ್ತಿತ್ತು. ಕುಸುಮ ಜೋರಾಗಿ ಬೈಯತೊಡಗಿದಳು, ಇಲವಾಲ ಬಿಟ್ಟ ಮೇಲೆ ಬಾಯಿಗೆ ಬಾರದಿದ್ದ ಬೈಗುಳಗಳನ್ನೆಲ್ಲ. ಯಾರನ್ನು ಎಂದು ಗೊತ್ತಿರಲಿಲ್ಲ. ನಾಯಿ ಒಂದು ಸಲವೂ ಹಲ್ಲು ತೋರಿಸಲಿಲ್ಲ. ಒಂದು ಎಳೆ ತುಂಡಾಯಿತು, ಇನ್ನೊಂದು, ಮತ್ತೊಂದು.

"ಏನು ಮಾಡ್ತಿದೀರಮ್ಮಾ!" ಮೇಲಿಂದ ಮೇಷ್ಟ್ರ ದನಿ. ಬಳಗ ಬಂದು ಬಂಡೆಯ ಮೇಲೆ ಸಾಲಾಗಿ ನಿಂತಿತ್ತು, ಎಲ್ಲರ ಮೂಗಿಗೂ ಕರ್ಚೀಫು. "ನಾಳಿದ್ದು ಗಂಡಿನ ಕಡೆಯವರು ಬರ್ತಿದಾರೆ. ಎರಡು ದಿನ ಬಿಡಿ. ಕೈಮುಗಿದು ಕೇಳ್ಕೋತೀನಿ, ನಿಮಗೂ ಹೆಣ್ಣುಮಗಳಿದಾಳೆ."

"ಇದೂ ಹೆಣ್ಣೇ ಮೇಷ್ಟ್ರೇ. ಒಬ್ರು ಇಳಿದು ಬಂದು ಇದರ ತಲೆ ಹಿಡ್ಕೊಳ್ಳಿ."

ಯಾರೂ ಇಳಿಯಲಿಲ್ಲ. ನಿತ್ಯ ಬಿಸ್ಕತ್ತು ಹಾಕಿದವರು, ಸರಮ್ಮ ಸರಮ್ಮ ಎಂದು ಮುದ್ದು ಮಾಡಿದವರು, ಅದರ ಕುತ್ತಿಗೆಗೆ ತಮ್ಮ ತಮ್ಮ ಕಿಡ್ನಿ, ಸೈಟು, ಪರೀಕ್ಷೆಗಳನ್ನು ನೇತುಹಾಕಿದವರು, ಒಬ್ಬರೂ ಇಳಿಯಲಿಲ್ಲ. ಕೊನೆಯ ಎಳೆ ಕತ್ತರಿಸಿ, ಕುಸುಮ ಇಡೀ ಮಾಲೆಯನ್ನು ಮಾಂಸದಿಂದ ಎಳೆದು ತೆಗೆದಳು. ಸರಮೆ ಮನುಷ್ಯರ ಹಾಗೆ ಕೂಗಿತು. ಕೀವಿನಲ್ಲಿ ನೆನೆದ ಆ ಗಂಟುಗಳ ಮುದ್ದೆಯನ್ನು ಅವಳು ಬಂಡೆಯ ಮೇಲೆ ಬಿಸಾಡಿದಳು.

ಆಗ ಮೇಷ್ಟ್ರು ಇಳಿದರು. ಬಗ್ಗಿ ಆ ದಾರ ಎತ್ತಿಕೊಂಡು, ಕರ್ಚೀಫಿನಲ್ಲಿಟ್ಟು, ಎರಡು ಕಣ್ಣಿಗೂ ಒತ್ತಿಕೊಂಡರು. ಕರ್ಚೀಫಿನಿಂದ ಒಂದು ಹುಳ ಅವರ ಅಂಗಿಯ ಮೇಲೆ ಬಿತ್ತು. ನಾಯಿಯ ಕಡೆ ಅವರು ನೋಡಲಿಲ್ಲ.

ಮೋಹನ್ ಬಂದ. ಮೂಗು ಮುಚ್ಚಿಕೊಂಡೇ ಬಂದ, ಆದರೆ ಬಂದ. "ಅಯ್ಯೋ ಸಿವನೇ, ಇದೇನ್ ಮೈಯೆಲ್ಲ ಅಂಗೇ ಮಾಡ್ಕೊಂಡಿದ್ದೀಯಾ," ಎಂದವನು ಹೆಂಡತಿಯ ಮುಖ ನೋಡಿ ನಾಯಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಎತ್ತಿಕೊಂಡ. ಪಶು ಆಸ್ಪತ್ರೆಯ ಡಾಕ್ಟರಮ್ಮ ಹುಳ ತೆಗೆದು, ಹೊಲಿಗೆ ಹಾಕಿ, ಇನ್ನೊಂದು ದಿನ ತಡವಾಗಿದ್ದರೆ ಉಸಿರಿನ ಕೊಳವೆಗೇ ತೂತು ಬೀಳುತ್ತಿತ್ತು ಎಂದರು. ಚರ್ಮ ಹಪ್ಪಳದಷ್ಟು ತೆಳುವಾಗಿದೆ, ಇನ್ನು ಈ ಕುತ್ತಿಗೆಗೆ ಬೆಲ್ಟು, ಚೈನು, ದಾರ ಯಾವುದೂ ತಾಕಬಾರದು, ಮತ್ತೆ ಸೀಳಿದರೆ ಉಳಿಯುವುದಿಲ್ಲ ಎಂದೂ ಹೇಳಿದರು.

ಸರಮೆ ವಿದ್ಯಾರಣ್ಯಪುರಂನ ಮನೆಯಲ್ಲಿ ಉಳಿಯಿತು. ದಿನಕ್ಕೆ ಎರಡು ಸಲ ಕೀವು ಒರೆಸಿ ಮುಲಾಮು ಹಚ್ಚುವುದು, ಹೊದಿಕೆ ಒಗೆಯುವುದು ಕುಸುಮಳ ಪಾಲಿಗೆ. ಹೇಸಿಗೆ ಹೋಯಿತೇ ಎಂದರೆ ಇಲ್ಲ. ಪ್ರತಿ ಸಲವೂ ಮುಖ ಸಿಂಡರಿಸಿಕೊಂಡು, ಮೂಗಿಗೆ ವಿಕ್ಸ್ ಹಚ್ಚಿಕೊಂಡು ಮಾಡುತ್ತಿದ್ದಳು. ಆದರೆ ಮಾಡುತ್ತಿದ್ದಳು. ಗಾಯ ಒಣಗಿದ ಮೇಲೆ ಸಂಜೆ ಅದನ್ನು ಕರೆದುಕೊಂಡು ಬೀದಿಯ ಕೊನೆಯವರೆಗೆ ನಡೆಯತೊಡಗಿದಳು. ಹಿಡಿಯಲು ಹಗ್ಗವಿಲ್ಲ, ಏನೂ ಇಲ್ಲ. ಅದು ನಾಲ್ಕು ಹೆಜ್ಜೆ ಮುಂದೆ ಹೋಗಿ, ನಿಂತು, ಕಾಯುತ್ತಿತ್ತು.

ಗೌರಿಹಬ್ಬ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಬಳಗ ಮನೆಗೇ ಬಂತು. ಮುಂದೆ ಮೇಷ್ಟ್ರು, ಕೈಯಲ್ಲಿ ಚಿರೋಟಿಯ ಡಬ್ಬ. ಹಿಂದೆ ಪ್ರಸಾದ್, ಫೋನು ಕೈಯಲ್ಲೇ. ಅವನ ಹಿಂದೆ ಇನ್ನೂ ಐದಾರು ಜನ.

"ಅನನ್ಯಾಗೆ ಮದುವೆ ಗೊತ್ತಾಯ್ತಮ್ಮ, ನಿಶ್ಚಿತಾರ್ಥವೂ ಮುಗೀತು!" ಮೇಷ್ಟ್ರ ಕಣ್ಣಲ್ಲಿ ನೀರಿತ್ತು. "ನೀವು ಅವತ್ತು ದಾರ ತೆಗೆದಿರಿ, ನಾಳಿದ್ದು ಬರಬೇಕಾದವರು ಅವತ್ತು ಸಾಯಂಕಾಲವೇ ಬಂದು ಒಪ್ಪಿಬಿಟ್ಟರು. ನಿಮ್ಮ ಮೇಲೆ ಕೋಪ ಮಾಡ್ಕೊಂಡಿದ್ದೆ, ನನ್ನದೇ ಅಜ್ಞಾನ. ಯಾರ ಕೈಯಲ್ಲಿ ಕಳಚಬೇಕು ಅನ್ನೋದನ್ನೂ ತಾಯೇ ಗೊತ್ತು ಮಾಡಿದ್ದಳು."

"ನಿಮ್ಮ ಕೈಗುಣ ಮೇಡಂ," ಎಂದ ಪ್ರಸಾದ್. "ಸರಮ್ಮನ ಮೈಮೇಲೆ ದೇವ್ರವ್ಳೆ ಅಂತ ಊರೆಲ್ಲ ಮಾತು. ನನ್ ಲೇಔಟಿಂದೂ ಒಂದು ಬಾಕಿ ಐತೆ."

ಅವನು ಜೇಬಿನಿಂದ ತೆಗೆದ ಪೊಟ್ಟಣದಲ್ಲಿ ಕೆಂಪು ದಾರಗಳಿದ್ದವು. ಹೊಸವು, ಹೊಳೆಯುತ್ತಿದ್ದವು. ಎಲ್ಲರದೂ ಸೇರಿಸಿ ಒಂದೇ ಸಲ ತಂದಿದ್ದರು.

"ಮೇಷ್ಟ್ರೇ, ಅದರ ಕುತ್ತಿಗೆಗೆ ಏನೂ ತಾಕಬಾರ್ದು ಅಂದಿದಾರೆ ಡಾಕ್ಟ್ರು. ಸೀಳಿದ್ರೆ ಸತ್ತೋಗತ್ತೆ," ಎಂದಳು ಕುಸುಮ.

"ಸಡಿಲವಾಗಿ ಕಟ್ಟೋಣಮ್ಮ. ಮದುವೆ ನಿರ್ವಿಘ್ನವಾಗಿ ಆಗೋವರೆಗೆ ನಂದೊಂದು. ಬಾ ಸರಮಾ, ಬಾ ತಾಯೀ."

ಸರಮೆ ಓಡಿ ಬಂತು. ಬಾಲ ಆಡಿಸುತ್ತ, ಕಿವಿ ಹಿಂದಕ್ಕೆ ಮಡಿಸಿ ಮೇಷ್ಟ್ರ ಮುಂದೆ ಕೂತು, ಅವರ ಕೈಯಲ್ಲಿ ದಾರ ಕಂಡದ್ದೇ ತಲೆ ತಗ್ಗಿಸಿ ಕುತ್ತಿಗೆ ಕೊಟ್ಟಿತು. ಕೂದಲಿಲ್ಲದ, ಗುಲಾಬಿ ಬಣ್ಣದ ಉಂಗುರ ಸುತ್ತಲೂ ಕಾಣುತ್ತಿತ್ತು. ಕುಸುಮ ಇಷ್ಟು ದಿನ ಒರೆಸಿದ ಕೀವಿನಲ್ಲಿ ಇಷ್ಟು ಅಸಹ್ಯ ಇರಲಿಲ್ಲ.

"ಕೊಡಿ ಮೇಷ್ಟ್ರೇ, ನಾನೇ ಕಟ್ತೀನಿ," ಎಂದಳು.

ಅವರು ಸಂತೋಷದಿಂದ ಕೊಟ್ಟರು. ಪ್ರಸಾದ್ ಫೋನು ಎತ್ತಿದ. ಕುಸುಮ ಮೇಷ್ಟ್ರ ಬಲಗೈ ಹಿಡಿದುಕೊಂಡು, ಪೊಟ್ಟಣದಲ್ಲಿದ್ದ ಅಷ್ಟೂ ದಾರಗಳನ್ನು ಒಟ್ಟಿಗೆ ಅವರ ಮಣಿಕಟ್ಟಿಗೆ ಸುತ್ತಿದಳು. ಸುತ್ತಿ, ಇಲವಾಲದಲ್ಲಿ ಕರುವಿಗೆ ಹಾಕುತ್ತಿದ್ದ ಗಂಟು ಹಾಕಿ, ಬಲವಾಗಿ ಜಗ್ಗಿದಳು.

"ಹರಕೆ ನಿಮ್ದು. ಬೆಟ್ಟ ಅಲ್ಲೇ ಅದೆ."

ಮೇಷ್ಟ್ರು ಮೊದಲು ತಮಾಷೆಯೆಂದು ನಕ್ಕರು. ಬೆರಳುಗಳು ಕೆಂಪಾದವು, ಆಮೇಲೆ ನೀಲಿಗೆ ತಿರುಗಿದವು. ಎಡಗೈಯ ಉಗುರಿನಿಂದ ಗಂಟು ಕೆದಕಿದರು, ಬರಲಿಲ್ಲ. "ಬಿಗಿಯಾಯ್ತಮ್ಮ... ರಕ್ತ ಕಟ್ಟುತ್ತಿದೆ. ಒಂದು ಕತ್ತರಿ ಕೊಡಿ. ಬೇಗ, ಒಂದು ಕತ್ತರಿ."

ಕುಸುಮ ಅವರ ಮುಖವನ್ನೇ ನೋಡಿದಳು. ತಾವು ಈಗ ಏನು ಕೇಳಿದೆವೆಂದು ಅವರಿಗೆ ಹೊಳೆದೀತು ಎಂದು ಕಾದಳು. ಆ ಮುಖದಲ್ಲಿ ನೋವಿತ್ತು, ಗಾಬರಿಯಿತ್ತು, ಬೇರೆ ಏನೂ ಇರಲಿಲ್ಲ. ಪಕ್ಕದಲ್ಲೇ ನಾಯಿ ಇನ್ನೂ ಕುತ್ತಿಗೆ ಕೊಟ್ಟುಕೊಂಡೇ ಕೂತಿತ್ತು.

"ಪ್ರಸಾದ್, ನಿಮ್ಮ ಹತ್ರ ಬ್ಲೇಡು ಗೀಡು ಇದೆಯೇನ್ರೀ?" ಮೇಷ್ಟ್ರು ಆ ಕಡೆ ತಿರುಗಿದರು.

ಕುಸುಮ ಚಿರೋಟಿಯ ಡಬ್ಬವನ್ನು ಅವರ ಕಂಕುಳಿಗೆ ಸಿಕ್ಕಿಸಿ, ಗೇಟು ತೆಗೆದು ನಿಂತಳು. ಹುಟ್ಟಿದ ಮೇಲೆ ಮನೆಗೆ ಬಂದ ಯಾರಿಗೂ ಅವಳು 'ಹೋಗಿ ಬನ್ನಿ' ಅನ್ನದೆ ಕಳಿಸಿರಲಿಲ್ಲ.

"ಹೋಗಿ," ಎಂದಳು.